ಇನ್ನೂರ ಇಪ್ಪತ್ತೆಂಟು ಪೌಂಡ್ ಬೆಲ್ಲ

ನಗುವಂಥದ್ದು ಏನಾದರೊಂದು ನಡೆಯದೆ ನನ್ನ ಒಂದು ವಾರವೂ ಕಳೆಯುವುದಿಲ್ಲ. ನನ್ನ ಕೆಲಸವೇ ಹಾಗಿದೆ. ನಾನು ಡಯಟಿಷನ್. ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ ಒಂದು ಚಿಕ್ಕ ಕ್ಲಿನಿಕ್‌ನಲ್ಲಿ ಕೂತು, ತೂಕ ಇಳಿಸಬೇಕಾದವರಿಗೆ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಹೇಳುತ್ತೇನೆ. ಕೋವಿಡ್ ಕಾಲದಲ್ಲಿ ನಮ್ಮ ಜನಕ್ಕೆ ಆಫೀಸಿನಿಂದ ಅಡುಗೆಮನೆಗೆ ಹನ್ನೆರಡೇ ಹೆಜ್ಜೆಯಾಗಿಬಿಟ್ಟಿತ್ತು. ಆಮೇಲೆ ಹಳೆಯ ಪ್ಯಾಂಟು ಹಾಕಿಕೊಳ್ಳಲು ಹೋದಾಗ ಎಲ್ಲರಿಗೂ ನನ್ನ ನೆನಪಾಯಿತು.

ಬರುವವರಲ್ಲಿ ಯಾರೂ ಕೆಟ್ಟವರಲ್ಲ. ಸುಳ್ಳು ಹೇಳುತ್ತಾರೆ, ಅಷ್ಟೆ. ನನಗೆ ಸಿಟ್ಟು ಬೇಗ ಬರುತ್ತದೆ, ನಗು ಅದಕ್ಕಿಂತ ಬೇಗ ಬರುತ್ತದೆ, ಹಾಗಾಗಿ ಇಪ್ಪತ್ತು ವರ್ಷದಿಂದ ಕೆಲಸ ಉಳಿದಿದೆ. ಈಗ ಹೇಳಹೊರಟಿರುವುದರಲ್ಲಿ ಹೆಚ್ಚಿನ ಪಾಲು ಒಬ್ಬರೇ ಹಿರಿಯರದ್ದು. ಹೆಸರು ಬೇಡ. ಇಲ್ಲಿನ ಕನ್ನಡದವರೆಲ್ಲ ಅವರನ್ನು ಡಾಕ್ಟರ್ ಅಂಕಲ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

೧. ಡೈರಿಯಲ್ಲಿ ಇಲ್ಲದ ಶನಿವಾರ

ಡಾಕ್ಟರ್ ಅಂಕಲ್ ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದ ಬಂದವರು. ನಲವತ್ತು ವರ್ಷ ಇಲ್ಲೇ ಪ್ರಾಕ್ಟೀಸ್ ಮಾಡಿ, ಸಾವಿರಾರು ಅಮೆರಿಕನ್ನರಿಗೆ "ತೂಕ ಇಳಿಸಿ" ಎಂದು ಹೇಳಿ ರಿಟೈರ್ ಆದವರು. ಈಗ ಅವರ ಎಡ ಮಂಡಿ ಪೂರ್ತಿ ಸವೆದುಹೋಗಿತ್ತು, ಬಲಗಡೆಯದೂ ಅದೇ ದಾರಿ ಹಿಡಿದಿತ್ತು. ಮಂಡಿ ಬದಲಿಸಬೇಕಾದ ಸರ್ಜನ್, ಅಂಕಲ್‌ಗೆ ಮಗನ ವಯಸ್ಸಿನವನು, "ಮೊದಲು ಇನ್ನೂರು ಪೌಂಡ್‌ಗಿಂತ ಕೆಳಗೆ ಬನ್ನಿ, ಆಮೇಲೆ ಡೇಟ್ ಕೊಡ್ತೀನಿ" ಅಂದುಬಿಟ್ಟಿದ್ದ. ನಮ್ಮ ಕ್ಲಿನಿಕ್ಕಿನ ತೂಕದ ಮೆಷಿನ್ ಮೇಲೆ ಮೊದಲ ದಿನ ಇನ್ನೂರ ಇಪ್ಪತ್ತೆಂಟು ಬಂತು.

"ತುಂಬ ನೋವಿದೆಯಾ ಅಂಕಲ್?" ಎಂದು ಕೇಳಿದೆ.

"ನೋವು ಬಿಡಮ್ಮ, ನೋವಿಗೆ ಮಾತ್ರೆ ಇದೆ" ಅಂದರು. "ಇವಳು ದಿನಾ ಸಂಜೆ ನಮ್ಮ ಬಡಾವಣೆ, ಸಬ್‌ಡಿವಿಷನ್ ಸುತ್ತ ವಾಕ್ ಹೋಗ್ತಾಳೆ. ಮದುವೆ ಆದಾಗಿನಿಂದ ಇಬ್ರೂ ಜೊತೇಲೇ ಹೋಗಿದ್ದೀವಿ. ಈಗ ಎರಡು ವರ್ಷದಿಂದ ನಾನು ಕಿಟಕಿ ಹತ್ರ ಕೂತು, ಇವಳು ತಿರುವು ದಾಟೋದನ್ನ ನೋಡ್ತೀನಿ. ಮತ್ತೆ ಒಂದು ಸುತ್ತು ಜೊತೇಲಿ ಹೋಗ್ಬೇಕು. ಅಷ್ಟು ಮಾಡಿಕೊಡು ಸಾಕು."

ಪಕ್ಕದಲ್ಲಿದ್ದ ಆಂಟಿ ಕೈಚೀಲದ ಜಿಪ್ಪನ್ನು ತೆಗೆದರು, ಹಾಕಿದರು, ಮತ್ತೆ ತೆಗೆದರು. ಆಮೇಲೆ ಆಂಟಿ ಒಂದು ಚೀಟಿ ತೆಗೆದು, "ಇನ್ನೂರ ಇಪ್ಪತ್ತೆಂಟು ಅಲ್ವೇನಮ್ಮ? ಸರಿಯಾಗಿ ಹೇಳು" ಎಂದು ಎರಡು ಸಲ ಕೇಳಿ ಬರೆದುಕೊಂಡರು. ಎಷ್ಟು ಶಿಸ್ತಿನ ಹೆಂಗಸು ಅಂದುಕೊಂಡೆ. ಆ ಚೀಟಿಯ ಕಥೆ ಕೊನೆಗೆ ಬರುತ್ತದೆ.

ತಿಂದದ್ದನ್ನೆಲ್ಲ ಬರೆದಿಡಲು ಒಂದು ಡೈರಿ ಕೊಟ್ಟು ಕಳಿಸಿದೆ. ಎರಡು ವಾರವಾದರೂ ಮೆಷಿನ್ನಿನ ನಂಬರ್ ಅಲ್ಲಾಡಲಿಲ್ಲ. ಡೈರಿ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ಇಡ್ಲಿ ಎರಡು, ಚಪಾತಿ ಒಂದು, ಹುರುಳಿಕಾಯಿ ಪಲ್ಯ. ಆದರೆ ಶನಿವಾರದ ಪುಟಗಳು ಎರಡೂ ಖಾಲಿ.

"ಶನಿವಾರ ಉಪವಾಸವಾ ಅಂಕಲ್?"

"ಇಲ್ಲಮ್ಮ, ದೇವಸ್ಥಾನಕ್ಕೆ ಹೋಗ್ತೀವಿ."

"ಅಲ್ಲಿ ಏನೂ ತಿನ್ನಲ್ವಾ?"

"ಊಟ ಏನೂ ಮಾಡಲ್ಲ" ಅಂದರು ಗಂಭೀರವಾಗಿ. ಆಂಟಿ ತಡೆಯಲಾರದೆ ಬಾಯಿಬಿಟ್ಟರು. ಪುಳಿಯೋಗರೆ ಎರಡು ಸಲ, ಸಿಹಿ ಪೊಂಗಲ್ ಎರಡು ಸಲ, ಲಾಡು ಒಂದು, ಹೊರಡುವಾಗ ಕಾರಿನಲ್ಲಿ ಇನ್ನೊಂದು.

"ಅದು ಪ್ರಸಾದ ಅಲ್ವೇನಮ್ಮ?" ಎಂದು ಅಂಕಲ್ ನನಗೇ ಬುದ್ಧಿ ಹೇಳಿದರು. "ಪ್ರಸಾದಾನ ಇಷ್ಟು ಕ್ಯಾಲೊರಿ ಅಂತ ಬರೆದ್ರೆ ದೇವರು ಏನಂದ್ಕೋತಾನೆ?"

"ಅದು ಪ್ರಸಾದ ಅಂತ ದೇವರಿಗೆ ಗೊತ್ತು ಅಂಕಲ್. ಹೊಟ್ಟೆಗೆ ಗೊತ್ತಿಲ್ಲ" ಅಂದೆ.

ಮಾತು ತಟ್ಟಿತು. ಮುಂದಿನ ಸಲ ಬರುವಾಗ ಡೈರಿಯ ಹಿಂದಿನ ಕಡೆಯಿಂದ ಪ್ರಸಾದಕ್ಕೆಂದೇ ಬೇರೆ ಪುಟ ಶುರುಮಾಡಿದ್ದರು. ತಲೆಯ ಮೇಲೆ "ಶ್ರೀ" ಎಂದು ಬರೆದಿತ್ತು. ಊಟದ ಪುಟಕ್ಕಿಂತ ಅದೇ ಉದ್ದವಿತ್ತು.

೨. ಒಂದೇ ತಟ್ಟೆ

ಪ್ರಸಾದ ಹಿಡಿತಕ್ಕೆ ಬಂದ ಮೇಲೆ ತಟ್ಟೆಯ ಪಾಠ. ನಮ್ಮ ಕೆಲಸದಲ್ಲಿ ಇದು ಅ ಆ ಇ ಈ ಇದ್ದ ಹಾಗೆ. ಸಾಧಾರಣ ಗಾತ್ರದ ಒಂದು ತಟ್ಟೆ. ಅದರಲ್ಲಿ ಅರ್ಧ ತರಕಾರಿ, ಕಾಲು ಭಾಗ ಬೇಳೆಕಾಳು, ಕಾಲು ಭಾಗ ಅನ್ನವೋ ಚಪಾತಿಯೋ. ಗೆರೆ ಎಳೆದಿರುವ ಪ್ಲಾಸ್ಟಿಕ್ ತಟ್ಟೆಯನ್ನೇ ಕ್ಲಿನಿಕ್ಕಿನಿಂದ ಕೊಡುತ್ತೇವೆ. ಅಂಕಲ್ ಅದನ್ನು ಎಕ್ಸ್‌ರೇ ಹಿಡಿದು ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿ, "ವೆರಿ ಸೈಂಟಿಫಿಕ್" ಅಂದರು.

ಮೂರು ವಾರ ತಪ್ಪದೆ ಅದೇ ತಟ್ಟೆಯಲ್ಲಿ ಊಟ ಮಾಡಿದರು. ಒಂದು ಪೌಂಡ್ ಏರಿದರು.

ಸಿಟ್ಟು ನೆತ್ತಿಗೇರಿತು. "ಅಂಕಲ್, ನಿಜ ಹೇಳಿ. ತಟ್ಟೆ ಬಿಟ್ಟು ಬೇರೆ ಏನು ತಿಂದ್ರಿ?"

"ಏನೂ ಇಲ್ಲ. ಇವಳನ್ನೇ ಕೇಳು."

ಆಂಟಿಯೂ ಹೌದೆಂದರು. ಹೀಗಾದರೆ ಆಗಲಿಲ್ಲ ಅಂತ, ಒಂದು ಮಧ್ಯಾಹ್ನ ಊಟದ ಹೊತ್ತಿಗೆ ವಿಡಿಯೋ ಕಾಲ್ ಮಾಡಿಸಿ, ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ಇಡಿಸಿದೆ. ಅಂಕಲ್ ಗೆರೆ ಮೀರದ ಹಾಗೆ ಬಡಿಸಿಕೊಂಡು ಸಾರನ್ನ ಉಂಡರು. ಚೊಕ್ಕವಾದ ಊಟ. ನಾನು ಇಲ್ಲಿ ತಲೆದೂಗುತ್ತಿದ್ದೆ. ಅಷ್ಟರಲ್ಲಿ ತಟ್ಟೆ ಮತ್ತೆ ತುಂಬಿತು. ಅರ್ಧ ತರಕಾರಿ, ಕಾಲು ಬೇಳೆ, ಕಾಲು ಅನ್ನ.

"ಇದೇನು ಅಂಕಲ್?"

"ಇದು ಹುಳಿಗೆ. ಅದು ಸಾರಿಗೆ ಆಯ್ತಲ್ಲ."

"ಇನ್ನೇನಾದ್ರೂ ಉಂಟಾ?" ಸಿಟ್ಟು ಬಂದರೆ ನನ್ನ ಬಾಯಲ್ಲಿ ಪುತ್ತೂರಿನ ಕನ್ನಡ ಬರುತ್ತದೆ.

"ಮೊಸರಿಗೆ ಒಂದು ತಟ್ಟೆ. ಮೊಸರನ್ನ ಇಲ್ದೆ ಊಟ ಹೇಗಮ್ಮ ಮುಗಿಯುತ್ತೆ?"

ತಪ್ಪು ಅವರದಲ್ಲ. ಆ ತಟ್ಟೆ ಮಾಡಿದ ಪುಣ್ಯಾತ್ಮನಿಗೆ ನಮ್ಮ ಊಟ ಮೂರು ಸುತ್ತು ಬರುತ್ತದೆ ಅಂತ ಗೊತ್ತಿರಲಿಲ್ಲ, ಗೊತ್ತಿದ್ದ ನಾನು ಹೇಳಿರಲಿಲ್ಲ. ಕೊನೆಗೆ ರಾಜಿಯಾಯಿತು. ಸಾರನ್ನು ಲೋಟದಲ್ಲಿ ಕುಡಿಯುವುದು, ಹುಳಿಯಲ್ಲಿನ ತರಕಾರಿಯನ್ನು ಹಾಗೇ ತಿನ್ನುವುದು, ಒಂದು ಹಿಡಿ ಅನ್ನ ಮೊಸರಿಗೆ ಮಾತ್ರ. ಅಂಕಲ್ ಬೇಸರದಿಂದ ಒಪ್ಪಿದರು. ಆ ತಿಂಗಳು ಏಳು ಪೌಂಡ್ ಇಳಿಯಿತು. ಅಂದಿನಿಂದ ತಟ್ಟೆ ಕೊಡುವಾಗ ಕನ್ನಡದವರಿಗೆ ಮಾತ್ರ ಒಂದು ಮಾತು ಸೇರಿಸುತ್ತೇನೆ, "ಒಂದೇ ಸಲ."

೩. ಏಪೆಕ್ಸ್ ತಮ್ಮನ ಎಂಟು ಗಂಟೆ

ನನ್ನ ತಮ್ಮ ನಾರ್ತ್ ಕ್ಯಾರೊಲೈನಾದ ಏಪೆಕ್ಸ್‌ನಲ್ಲಿದ್ದಾನೆ. ಸ್ವಂತ ಅಕ್ಕ ಡಯಟಿಷನ್ ಆಗಿರುವಾಗ ಅವನು ಡಯಟ್ ಕಲಿತದ್ದು ಯೂಟ್ಯೂಬ್‌ನಿಂದ. ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ ಮಾತ್ರ ತಿನ್ನುವುದು, ಮಿಕ್ಕ ಹದಿನಾರು ಗಂಟೆ ಉಪವಾಸ. ಪದ್ಧತಿಯಲ್ಲಿ ತಪ್ಪಿಲ್ಲ, ಹೊಂದುವವರಿಗೆ ಹೊಂದುತ್ತದೆ. ಅವನೂ ಆರು ಪೌಂಡ್ ಇಳಿದು, ಫೋನಿನಲ್ಲಿ ನನಗೇ ಒಂದು ಗಂಟೆ ಉಪದೇಶ ಮಾಡಿದ್ದ. ಆಮೇಲೆ ಆಫೀಸ್ ಕೆಲಸಕ್ಕೆ ಎರಡು ವಾರ ಕ್ಯಾಲಿಫೋರ್ನಿಯಾಕ್ಕೆ ಹೋಗಿಬಂದ. ಆರೂ ವಾಪಸ್ ಬಂದವು.

"ಟೈಮಿಂಗ್ಸ್ ಮಿಸ್ ಮಾಡಿದ್ಯಾ?" ಎಂದು ಕೇಳಿದೆ.

"ಒಂದು ದಿನಾನೂ ಇಲ್ಲ ಅಕ್ಕ."

"ಬೆಳಿಗ್ಗೆ ಎಷ್ಟು ಗಂಟೆಗೆ ತಿಂತಿದ್ದೆ?"

"ಒಂಬತ್ತಕ್ಕೆ. ಏಪೆಕ್ಸ್‌ನಲ್ಲಿ ಅಷ್ಟೊತ್ತಿಗೆ ಹನ್ನೆರಡಾಗಿರುತ್ತಲ್ಲ. ಹೊಟ್ಟೆಗೆ ಅಭ್ಯಾಸ ಆಗಿರೋದು ಇಲ್ಲಿನ ಟೈಮ್."

"ರಾತ್ರಿ?"

"ಎಂಟಕ್ಕೆ ಕ್ಲೋಸ್."

"ಯಾವ ಎಂಟು?"

"ಅಲ್ಲಿಯ ಎಂಟು. ಟೀಮ್ ಜೊತೆ ಡಿನ್ನರ್ ಹೋಗ್ಬೇಕಲ್ಲ, ಅವರಿಗೆ ಹೇಗೆ ಹೇಳೋದು?"

ಅಂದರೆ ಬಾಗಿಲು ತೆರೆಯುವುದು ಏಪೆಕ್ಸ್ ಗಡಿಯಾರದಲ್ಲಿ, ಮುಚ್ಚುವುದು ಕ್ಯಾಲಿಫೋರ್ನಿಯಾ ಗಡಿಯಾರದಲ್ಲಿ. ಎಂಟು ಗಂಟೆ ಹನ್ನೊಂದಾಗಿತ್ತು. ಇಂಜಿನಿಯರ್ ಬೇರೆ.

ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ ಇದನ್ನು ಡಾಕ್ಟರ್ ಅಂಕಲ್‌ಗೆ ಹೇಳಿದೆ. ಅವರು ನಗಲಿಲ್ಲ. ಡಾಕ್ಟರ್ ಕಳೆ ಬಂತು ಮುಖಕ್ಕೆ. ಬೆರಳು ಮಡಚಿ ಏನೋ ಎಣಿಸಿ, "ಅವನನ್ನ ಲಂಡನ್‌ಗೆ ಕಳಿಸಮ್ಮ" ಅಂದರು. "ಇಲ್ಲಿನ ಹನ್ನೆರಡು ಅಂದ್ರೆ ಅಲ್ಲಿ ಸಾಯಂಕಾಲ ಐದು. ಎಂಟಕ್ಕೆ ಬಾಗಿಲು ಹಾಕ್ಲಿ. ಒಂದೇ ತಿಂಗಳಿಗೆ ಕಡ್ಡಿ ಆಗ್ತಾನೆ."

೪. ಹೋಳಿಗೆಯ ಸಾಲು

ಯುಗಾದಿಗೆ ಅಲ್ಫರೆಟಾದಲ್ಲಿ ನಮ್ಮ ಸಬ್‌ಡಿವಿಷನ್ನಿನ ಕ್ಲಬ್‌ಹೌಸ್‌ನಲ್ಲಿ ಕನ್ನಡದವರೆಲ್ಲ ಸೇರುತ್ತೇವೆ, ಮನೆಗೊಂದು ಅಡುಗೆ. ಅಲ್ಲಿ ನನ್ನದು ದೊಡ್ಡ ಕಷ್ಟ. ನಾನು ಹತ್ತಿರ ಹೋದರೆ ಜನ ತಟ್ಟೆಯ ಮೇಲೆ ಪೇಪರ್ ನ್ಯಾಪ್‌ಕಿನ್ ಮುಚ್ಚುತ್ತಾರೆ. ಒಬ್ಬ ಮಹಾರಾಯರು ನನ್ನನ್ನು ನೋಡಿ, ತಮ್ಮ ಕೈಲಿದ್ದ ಬೋಂಡವನ್ನು ಪಕ್ಕದವರ ತಟ್ಟೆಗೆ ಹಾಕಿ, "ನಿಮ್ದು ಇದು" ಅಂದರು. ಪಕ್ಕದವರೂ ನನ್ನ ಪೇಷಂಟೇ.

ಊಟದ ಸಾಲಿನಲ್ಲಿ ನಿಂತೆ. ಹಿಂದೆ ಮೂವತ್ತು ಜನ. ಕೋಸಂಬರಿ ಹಾಕಿಕೊಂಡೆ, ಹಿಂದೆ ಯಾರೂ ಮಾತಾಡಲಿಲ್ಲ. ಪಲ್ಯ ಹಾಕಿಕೊಂಡೆ, ಆಗಲೂ ಇಲ್ಲ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದಾರೆ ಅಂತ ಬೆನ್ನಿಗೆ ಗೊತ್ತಾಗುತ್ತಿತ್ತು. ಮುಂದೆ ತೊಗರಿಬೇಳೆ ಹೋಳಿಗೆ, ತೆಳ್ಳಗೆ, ಅಂಚಿನವರೆಗೂ ಹೂರಣ. ನಾನೂ ಮನುಷ್ಯಳೇ. ಒಂದು ತೆಗೆದುಕೊಂಡೆ. ಅದರ ಕೆಳಗೆ ಇನ್ನೊಂದು ಅಂಟಿಕೊಂಡು ಬಂತು. ಬಿಡಿಸಲು ಹೋದರೆ ಹರಿಯುತ್ತದೆ ಅಂತ ಹಾಗೇ ಹಾಕಿಕೊಂಡೆ.

ಹಿಂದಿನಿಂದ ಒಂದು ಹೆಣ್ಣು ದನಿ ಬಂತು, "ಅವರೇ ಎರಡು ತಗೊಂಡ್ರು!"

ಆ ಸುದ್ದಿ ನನಗಿಂತ ಬೇಗ ಬಾಗಿಲು ಮುಟ್ಟಿತು. ಸಾಲಿನಲ್ಲಿದ್ದ ಮೂವತ್ತು ಜನರೂ ತಲಾ ಎರಡು ಹಾಕಿಕೊಂಡರು. ಹೋಳಿಗೆ ಮಾಡಿ ತಂದಿದ್ದ ಬೇರೊಬ್ಬ ಹೆಂಗಸು ಬಂದು ನನ್ನ ಕೈ ಹಿಡಿದು, ಹತ್ತು ವರ್ಷದಲ್ಲಿ ಮೊದಲ ಸಲ ಪಾತ್ರೆ ಖಾಲಿಯಾಯಿತು ಅಂತ ಕಣ್ಣಲ್ಲಿ ನೀರು ತಂದುಕೊಂಡರು.

ಆ ವಾರ, ಸಾಲಿನಲ್ಲೇ ಇದ್ದ ಡಾಕ್ಟರ್ ಅಂಕಲ್ ಡೈರಿ ತಂದಾಗ, ಪ್ರಿಸ್ಕ್ರಿಪ್ಷನ್ ಅಕ್ಷರದಲ್ಲಿ ಹೀಗೆ ಬರೆದಿತ್ತು: "ಹೋಳಿಗೆ ೨. ತಜ್ಞರ ಸಮ್ಮುಖದಲ್ಲಿ. ತಜ್ಞರೂ ೨."

೫. ಇನ್ನೂರರ ಗಡಿ

ಹೀಗೆ ಏಳುತ್ತ ಬೀಳುತ್ತ ಅಂಕಲ್ ಒಂಬತ್ತು ತಿಂಗಳಲ್ಲಿ ಇನ್ನೂರರ ಹತ್ತಿರ ಬಂದರು. ಕೊನೆಯ ಸಲ ತೂಕ ನೋಡಿದ ದಿನದ ಮಾರನೆಯ ದಿನವೇ ಸರ್ಜನ್ ಅಪಾಯಿಂಟ್‌ಮೆಂಟ್. ನಾನು ತೂಕ ನೋಡಿ ಕಳಿಸುವ ಕಾಗದದ ಮೇಲೆ ಡೇಟ್ ನಿಂತಿತ್ತು. ಅಂದು ಅಂಕಲ್ ನೇರ ಒಳಗೆ ಬಂದು ಮೆಷಿನ್ ಮೇಲೆ ನಿಂತರು. ಇನ್ನೂರ ಒಂದೂವರೆ.

ಮುಖ ಸಣ್ಣದಾಯಿತು. "ಸ್ವೆಟರ್" ಅಂದರು. ಸ್ವೆಟರ್ ಬಿಚ್ಚಿ ಆಂಟಿಗೆ ಕೊಟ್ಟರು. ಆಮೇಲೆ ಬೆಲ್ಟು, ಪರ್ಸು, ಕಾರಿನ ಕೀ, ಅಂಗಡಿಯ ರಸೀದಿಗಳ ಒಂದು ಕಟ್ಟು, ಬೂಟು, ಮಂಡಿಗೆ ಕಟ್ಟಿದ್ದ ಪಟ್ಟಿ. ಇನ್ನೂರು ಮತ್ತು ಒಂದಿಷ್ಟು.

"ಅಂಕಲ್, ಒಂದು ವಾರ ಬಿಟ್ಟು ನೋಡೋಣ" ಅಂದೆ, ನನಗೇ ಮನಸ್ಸಿಲ್ಲದೆ.

"ಒಂದು ವಾರ ಅಂದ್ರೆ ಸರ್ಜನ್ ಹತ್ರ ಮತ್ತೆ ಮೂರು ತಿಂಗಳು. ಅಷ್ಟೊತ್ತಿಗೆ ಚಳಿ ಬರುತ್ತೆ, ಇವಳು ವಾಕ್ ನಿಲ್ಲಿಸ್ತಾಳೆ" ಅಂದರು. ವಾಚು ಬಿಚ್ಚಿದರು. ಉಂಗುರ ಬಿಚ್ಚಲು ನೋಡಿದರು, ಬರಲಿಲ್ಲ. ಕನ್ನಡಕ ತೆಗೆದು ಆಂಟಿಯ ಕೈಗೆ ಕೊಟ್ಟರು. ಕೊನೆಗೆ ಎರಡೂ ಕಿವಿಯ ಹಿಯರಿಂಗ್ ಏಡ್ ಕಿತ್ತು ಕೊಟ್ಟರು. ಅವುಗಳ ತೂಕ ಎರಡು ಕಡಲೆಕಾಯಿ ಬೀಜದಷ್ಟಿರಬಹುದು. ಉಸಿರು ಹೊರಗೆ ಬಿಟ್ಟು, ಕಣ್ಣು ಮುಚ್ಚಿ ಹತ್ತಿದರು.

ನೂರ ತೊಂಬತ್ತೊಂಬತ್ತು ಪಾಯಿಂಟ್ ಎಂಟು.

"ಬಂತು ಅಂಕಲ್!" ಎಂದೆ. ಅವರಿಗೆ ಕೇಳಿಸಲಿಲ್ಲ. ಮೆಷಿನ್ ತೋರಿಸಿದೆ. ಕನ್ನಡಕವಿಲ್ಲದೆ ಕಾಣಲಿಲ್ಲ. "ಎಷ್ಟಮ್ಮ? ಎಷ್ಟಮ್ಮ?" ಎಂದು ಅವರು ಕೇಳುತ್ತಲೇ ಇದ್ದರು. ಆಂಟಿಯ ಎರಡು ಕೈಯಲ್ಲೂ ಸ್ವೆಟರು, ಬೂಟು, ಪರ್ಸು; ಕನ್ನಡಕ ಎಲ್ಲಿದೆಯೋ ಅವರಿಗೇ ಗೊತ್ತಿಲ್ಲ. ನಾನು ಗಂಟಲು ಹರಿಯುವಂತೆ, "ನೂರ ತೊಂಬತ್ತೊಂಬತ್ತು! ಆಪರೇಷನ್ ಆಗುತ್ತೆ!" ಎಂದು ಕಿರುಚಿದೆ. ಹೊರಗೆ ರಿಸೆಪ್ಷನ್‌ನಲ್ಲಿರುವ ಕೊರಿಯನ್ ಹುಡುಗಿ ಅರ್ಥವಾಗದಿದ್ದರೂ ಎದ್ದು ನಿಂತು ಚಪ್ಪಾಳೆ ಹೊಡೆದಳು, ಕಾಯುತ್ತಿದ್ದವರೆಲ್ಲ ಹೊಡೆದರು. ಇಡೀ ಕ್ಲಿನಿಕ್ಕಿನಲ್ಲಿ ವಿಷಯ ಗೊತ್ತಿಲ್ಲದೆ ಉಳಿದವರು ಡಾಕ್ಟರ್ ಅಂಕಲ್ ಒಬ್ಬರೇ.

೬. ಆಂಟಿಯ ಚೀಟಿ

ಆಪರೇಷನ್ ಚೆನ್ನಾಗಿ ಆಯಿತು. ಮೂರು ತಿಂಗಳಲ್ಲಿ ಅಂಕಲ್ ಕೋಲಿಲ್ಲದೆ ನಡೆದರು. ತೂಕವೂ ನೂರ ತೊಂಬತ್ತೈದಕ್ಕೆ ಬಂದು ನಿಂತಿತು. ಒಂದು ಸಂಜೆ ಆಂಟಿ ಫೋನಿನಲ್ಲಿ ಒಂದು ವಿಡಿಯೋ ಕಳಿಸಿದರು. ಅಂಕಲ್‌ರ ಬೆನ್ನು, ಪಕ್ಕದಲ್ಲಿ ಎರಡು ಉದ್ದ ನೆರಳು, ಮುಂದೆ ಸಬ್‌ಡಿವಿಷನ್ನಿನ ತಿರುವು. ಅವತ್ತು ಜಿಎ ನಾನೂರು ಹೈವೇಯ ಟ್ರಾಫಿಕ್ಕಿನಲ್ಲಿ ನಿಂತಿದ್ದ ನಾನು ಅದನ್ನು ನಾಲ್ಕು ಸಲ ನೋಡಿದೆ. ಬಹಳ ಸಂತೋಷವಾಯಿತು.

ಅದಾದ ಮೇಲೆ ತೂಕ ಏರಲು ಶುರುವಾಯಿತು. ಒಂದು ವಾರ ಒಂದೂವರೆ, ಮುಂದಿನ ವಾರ ಎರಡು. ಬಲ ಮಂಡಿ ಇನ್ನೂ ಬಾಕಿ ಇತ್ತು. ಹೀಗೇ ಏರಿದರೆ ಅದಕ್ಕೆ ಡೇಟ್ ಸಿಗುವುದಿಲ್ಲ, ಹೊಸ ಮಂಡಿಗೂ ಒಳ್ಳೆಯದಲ್ಲ. ಡೈರಿ ತಿರುವಿದೆ. ಎಲ್ಲ ಸರಿಯಾಗಿತ್ತು, "ಶ್ರೀ" ಪುಟ ಕೂಡ ಚಿಕ್ಕದಾಗಿತ್ತು. ಒಂದು ಕಡೆ ಕಣ್ಣು ನಿಂತಿತು: "ಪಾಲಕ್ ಸೂಪು, ಒಂದು ಬಟ್ಟಲು. ಬಹಳ ರುಚಿಯಾಗಿತ್ತು."

ಇಪ್ಪತ್ತು ವರ್ಷದಲ್ಲಿ ನಾನು ಬರೆದುಕೊಡುವ ಪಾಲಕ್ ಸೂಪನ್ನು ಒಬ್ಬರೂ ಹೊಗಳಿಲ್ಲ. ನಾನು ತಲೆ ಎತ್ತಿ ಆಂಟಿಯನ್ನು ನೋಡಿದೆ. ಆಂಟಿ ಗೋಡೆಯ ಮೇಲಿನ ಹಣ್ಣು ತರಕಾರಿ ಪೋಸ್ಟರ್ ನೋಡುತ್ತಿದ್ದರು.

"ಆಂಟಿ, ಸೂಪಿಗೆ ಏನು ಹಾಕ್ತೀರಿ?"

"ಪಾಲಕ್ಕು."

"ಮತ್ತೆ?"

"ಸ್ವಲ್ಪ ಗೋಡಂಬಿ ಅರೆದು ಹಾಕಿದೆ. ತುಪ್ಪದಲ್ಲಿ ಒಗ್ಗರಣೆ." ಆಮೇಲೆ ದನಿ ತಗ್ಗಿಸಿ, "ರೊಟ್ಟಿ ಹಿಟ್ಟಿಗೂ ಸ್ವಲ್ಪ ತುಪ್ಪ" ಅಂದರು.

ಅಂಕಲ್ ಬೆಚ್ಚಿಬಿದ್ದರು. "ನೀನೇನೇ? ಒಂಬತ್ತು ತಿಂಗಳು ನನಗೆ ಹೀರೇಕಾಯಿ ಸಿಪ್ಪೆ ಚಟ್ನಿ ಹಾಕಿದವಳು!"

ಆಂಟಿ ಕೈಚೀಲದಿಂದ ಆ ಹಳೆಯ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಮೊದಲ ದಿನ ನನ್ನನ್ನು ಎರಡು ಸಲ ಕೇಳಿ ಬರೆದುಕೊಂಡ ೨೨೮. "ಅವತ್ತೇ ಸಂಜೆ ದೇವಸ್ಥಾನಕ್ಕೆ ಹೋಗಿ ಹರಕೆ ಹೊತ್ತೆ" ಅಂದರು. "ಇವರ ಆಪರೇಷನ್ ಆಗಿ, ಮತ್ತೆ ನನ್ನ ಜೊತೆ ನಡೆದ್ರೆ, ಇವರ ತೂಕದಷ್ಟು ಬೆಲ್ಲದಲ್ಲಿ ತುಲಾಭಾರ ಮಾಡಿಸ್ತೀನಿ ಅಂತ. ದೇವರು ನಡೆಸಿಕೊಟ್ಟ. ಆದ್ರೆ ಇವರು ನಡೆಯೋ ಹೊತ್ತಿಗೆ ತೂಕ ನೂರ ತೊಂಬತ್ತೈದಕ್ಕೆ ಇಳಿದಿತ್ತು. ಮೂವತ್ತಮೂರು ಪೌಂಡ್ ಬೆಲ್ಲ ದೇವರಿಗೆ ಮೋಸ ಅಲ್ವೇನಮ್ಮ? ಅದಕ್ಕೇ ಹರಕೆ ತೀರೋವರೆಗೆ ಸ್ವಲ್ಪ..."

ನನಗೆ ಸಿಟ್ಟು ಬರಲಿಲ್ಲ. ನಾನೂ ಹರಕೆ ಹೊತ್ತುಕೊಳ್ಳುವ ಊರಿನವಳು. ಆ ಕಣ್ಣುಗಳಲ್ಲಿ ನಿಜವಾದ ಭಯವಿತ್ತು. ಮಾತು ತಪ್ಪಿದರೆ ದೇವರು ಮಂಡಿ ವಾಪಸ್ ತೆಗೆದುಕೊಂಡಾನು ಅನ್ನುವ ಭಯ. ಆದರೆ ಅಂಕಲ್‌ರನ್ನು ಮತ್ತೆ ಇನ್ನೂರ ಇಪ್ಪತ್ತೆಂಟು ಮಾಡಲು ನಾನು ಬಿಡುವ ಹಾಗಿರಲಿಲ್ಲ. ದೇವಸ್ಥಾನದ ಅರ್ಚಕರಿಗೇ ಫೋನ್ ಮಾಡಿ ಸ್ಪೀಕರ್‌ನಲ್ಲಿ ಇಟ್ಟೆ.

ಅರ್ಚಕರು ಕೇಳಿ, "ಕೂರುವ ದಿನದ ತೂಕವೇ ತೂಕ, ಚಿಂತೆ ಬೇಡ" ಅಂದರು.

"ನಾನು ನಂಬರ್ ಹೇಳಿಬಿಟ್ಟಿದ್ದೀನಿ" ಅಂದರು ಆಂಟಿ. "ಇನ್ನೂರ ಇಪ್ಪತ್ತೆಂಟು ಪೌಂಡು ಅಂತ."

"ದೇವರಿಗೆ ಪೌಂಡ್‌ನಲ್ಲಿ ಹೇಳಿದ್ರಾ?"

"ಐವತ್ತು ವರ್ಷ ಆಯ್ತು ಸ್ವಾಮಿ ಇಲ್ಲಿಗೆ ಬಂದು. ಕೇಜಿ ಮರೆತುಹೋಗಿದೆ."

ಅರ್ಚಕರು ಇನ್ನೂರ ಇಪ್ಪತ್ತೆಂಟರಲ್ಲಿ ನೂರ ತೊಂಬತ್ತೈದು ಕಳೆಯುವುದು ಸ್ಪೀಕರ್‌ನಲ್ಲಿ ಕೇಳಿಸಿತು. ಆಮೇಲೆ, "ಯಜಮಾನರ ಜೊತೆ ಮನೆಯವರು ಯಾರಾದರೂ ತಕ್ಕಡಿಯಲ್ಲಿ ಕೂರಬಹುದು. ಮೂವತ್ತಮೂರು ಪೌಂಡಿನವರು ಯಾರಾದರೂ ಇದ್ದಾರಾ?" ಎಂದು ಕೇಳಿದರು.

ಡಾಕ್ಟರ್ ಅಂಕಲ್ ಕುರ್ಚಿಯಿಂದ ಎದ್ದೇಬಿಟ್ಟರು. ಶಾರ್ಲೆಟ್‌ನಲ್ಲಿರುವ ಮಗಳ ಮಗಳಿಗೆ ಮೂರೂವರೆ ವರ್ಷ. ಹಿಂದಿನ ವಾರ ಮಕ್ಕಳ ಡಾಕ್ಟರ್ ಹತ್ತಿರ ತೋರಿಸಿದ ಕಾಗದವನ್ನು ಮಗಳು ಅಪ್ಪನಿಗೆ ಕಳಿಸಿದ್ದಳು. ಫೋನಿನಲ್ಲಿ ಹುಡುಕಿ ತೆಗೆದರು. ಮೂವತ್ತಮೂರು ಪೌಂಡ್, ಎರಡು ಔನ್ಸ್.

"ಎರಡು ಔನ್ಸ್ ಬಡ್ಡಿ ಅಂತ ಇಟ್ಕೊಳ್ಳಿ" ಅಂದೆ. ಆಂಟಿ ಒಂದು ವರ್ಷದಲ್ಲಿ ಮೊದಲ ಸಲ ಬಾಯ್ತುಂಬ ನಕ್ಕರು. ನಾನು ಅಂಕಲ್‌ರನ್ನು ನಾಲ್ಕು ವಾರದಲ್ಲಿ ಮತ್ತೆ ನೂರ ತೊಂಬತ್ತೈದಕ್ಕೆ ತಂದೆ. ಪಾಲಕ್ ಸೂಪು ಮೊದಲಿನ ರುಚಿಗೆ ಬಂತು.

ಒಂದು ಭಾನುವಾರ ತುಲಾಭಾರ. ದೇವಸ್ಥಾನದ ಸಭಾಂಗಣದಲ್ಲಿ ಹೂ ಕಟ್ಟಿದ ದೊಡ್ಡ ತಕ್ಕಡಿ, ಒಂದು ಕಡೆ ಬೆಲ್ಲದ ಅಚ್ಚುಗಳ ಗುಡ್ಡ. ಅಂಕಲ್ ಪಂಚೆ ಉಟ್ಟು, ಮೊಮ್ಮಗಳನ್ನು ಕೈ ಹಿಡಿದು, ಹೊಸ ಮಂಡಿ ಮಡಚಿ ತಕ್ಕಡಿಯಲ್ಲಿ ಕೂತರು. ಕೂತವರೇ ಅಭ್ಯಾಸಬಲದಿಂದ ವಾಚು ಬಿಚ್ಚಿದರು, ಕನ್ನಡಕ ತೆಗೆದರು, ಕಿವಿಗೆ ಕೈ ಹಾಕಿದರು.

"ರೀ! ಹಾಕ್ಕೊಳ್ಳಿ ಎಲ್ಲಾನೂ!" ಎಂದು ಆಂಟಿ ಕೂಗಿದರು. "ಇವತ್ತು ಕಡಿಮೆ ಬರಬಾರದು!"

ಮೊಮ್ಮಗಳು ತೊಡೆಯೇರಿ ಕೂತಳು. ಒಂದು ವರ್ಷ ಒದ್ದಾಡಿ ಇಳಿಸಿದ್ದೆಲ್ಲ ಅಂಕಲ್‌ರ ತೊಡೆಯ ಮೇಲೆ ಜರಿ ಲಂಗ ಹಾಕಿಕೊಂಡು ಕೂತಿತ್ತು. ತಕ್ಕಡಿ ಮೆಲ್ಲಗೆ ಎದ್ದಾಗ, "ತಾತಾ, ವಿ ಆರ್ ಫ್ಲೈಯಿಂಗ್!" ಎಂದು ಕೂಗಿದಳು. ಎರಡೂ ತಟ್ಟೆ ಸಮನಾಗಿ ನಿಂತವು. ಆಂಟಿ ಅಳುತ್ತಿದ್ದರು. ನಾನೂ ಅತ್ತೆ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಅಷ್ಟು ಬೆಲ್ಲವನ್ನು ದೇವರು ಇಟ್ಟುಕೊಳ್ಳುತ್ತಾನೆಯೇ? ಅಂದೇ ಸಿಹಿ ಪೊಂಗಲ್ ಆಗಿ, ಕಾಯಿಹೋಳಿಗೆ ಆಗಿ, ಉಳಿದದ್ದು ಅಚ್ಚಿನಲ್ಲೇ ಕವರ್ ಕವರ್ ಆಗಿ ಮನೆಮನೆಗೆ ಹೋಯಿತು. ಮುಂದಿನ ವಾರ ನನ್ನ ಕ್ಲಿನಿಕ್ಕಿಗೆ ಬಂದ ಕನ್ನಡದವರು ಒಬ್ಬರು ಬಿಡದೆ ಏರಿದ್ದರು. ಎಲ್ಲರ ಡೈರಿಯಲ್ಲೂ ಭಾನುವಾರ ಖಾಲಿ. ನಾನು ಏನೂ ಕೇಳಲಿಲ್ಲ. ನಾನೇ ಮೂರು ಸಲ ಪೊಂಗಲ್ ಹಾಕಿಸಿಕೊಂಡಿದ್ದೆ.

ಶುಕ್ರವಾರ ಅಂಕಲ್ ಆಂಟಿ ಬಂದರು. ಕಾರನ್ನು ಪಾರ್ಕಿಂಗ್ ಲಾಟಿನ ಆ ತುದಿಯಲ್ಲಿ ನಿಲ್ಲಿಸಿ, ಬೇಕೆಂದೇ ಅಷ್ಟು ದೂರ ಜೊತೆಯಾಗಿ ನಡೆದುಕೊಂಡು ಬರುವುದು ಕಿಟಕಿಯಿಂದ ಕಾಣುತ್ತಿತ್ತು. ಅಂಕಲ್‌ರ ಕೈಯಲ್ಲಿ ಒಂದು ಭಾರದ ಚೀಲ. ಮೇಜಿನ ಮೇಲಿಟ್ಟು, "ನಿನ್ನ ಪಾಲಿನ ಬೆಲ್ಲ, ಹತ್ತು ಪೌಂಡ್" ಅಂದರು. "ಬಲ ಮಂಡಿಗೂ ಡೇಟ್ ಕೊಟ್ರು."

"ಅದಕ್ಕೂ ಹರಕೆ ಹೊತ್ತಾಯ್ತು" ಅಂದರು ಆಂಟಿ.

ನಾನು ಬೆಲ್ಲದ ಚೀಲವನ್ನು ಪಕ್ಕಕ್ಕೆ ಸರಿಸಿದೆ. "ಆಂಟಿ, ಮತ್ತೆ ಅಂಕಲ್ ತೂಕವಾ?"

"ಇಲ್ಲಮ್ಮ, ಈ ಸಲ ಬುದ್ಧಿ ಬಂದಿದೆ. ಇವರದ್ದು ಇವತ್ತೊಂದು, ನಾಳೆ ಒಂದು. ಅದಕ್ಕೇ ನಿನ್ನ ತೂಕದಷ್ಟು ಬೆಲ್ಲ ಅಂತ ಹೇಳ್ಕೊಂಡೆ. ಇದೆಲ್ಲ ಆಗಿದ್ದು ನಿನ್ನಿಂದ ತಾನೆ? ನೀನು ಡಯಟಿಷನ್ನು, ನಿಂದು ಏರಲ್ಲ ಇಳಿಯಲ್ಲ. ನಂಬರ್ ಮಾತ್ರ ದೇವರಿಗೆ ಇನ್ನೂ ಹೇಳಿಲ್ಲ. ಈಗಲೇ ಬರ್ಕೊಂಡು ಹೋಗ್ತೀನಿ, ಆಮೇಲೆ ಗಲಾಟೆ ಬೇಡ. ಮೆಷಿನ್ ಹತ್ತು."

ಆಂಟಿ ಹೊಸ ಚೀಟಿ ತೆಗೆದರು. ಅಂಕಲ್ ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಬಾಗಿಲಲ್ಲಿ ಕೊರಿಯನ್ ಹುಡುಗಿ ಚಪ್ಪಾಳೆಗೆ ಕೈ ಸಿದ್ಧಮಾಡಿಕೊಂಡು ನಿಂತಿದ್ದಳು. ಇಪ್ಪತ್ತು ವರ್ಷದಲ್ಲಿ ನಾನು ಸಾವಿರ ಜನರನ್ನು ಹತ್ತಿಸಿದ ಮೆಷಿನ್ ಅದು. ನನ್ನನ್ನು ಹತ್ತು ಅಂದವರು ಇವರೇ ಮೊದಲು.

ನಾನು ಎದ್ದೆ. ಮೊದಲು ವಾಚು ಬಿಚ್ಚಿಟ್ಟೆ. ಆಮೇಲೆ ಬಳೆ. ಆಮೇಲೆ ಕನ್ನಡಕ.